ಎಲೆ ಬಿಟ್ಟು ಮೊಸರಿಗೆ ಯಾಕೆ ಬಂದೆ?

"ಮೊದಲ ಎಲಿ ನೋಡ್ತಿದ್ದಿ, ಈಗ ಮೊಸರು ನೋಡಾಕತ್ತಿಯಂತ. ನಿಂದು ಫಿಸಿಕ್ಸೋ, ಬಯಾಲಜಿಯೋ?" ಜಮಖಂಡಿಗೆ ಹೋದಾಗಲೆಲ್ಲ ಕಾಕಾ ಇದನ್ನು ಕೇಳಿಯೇ ಕೇಳುತ್ತಾರೆ. ಮದುವೆ ಮನೆಯಲ್ಲಿ ಸಿಕ್ಕವರೂ ಕೇಳುತ್ತಾರೆ. ಊಟದ ಸಾಲಿನಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಿಷಯ ಬಯೋಫಿಸಿಕ್ಸ್, ಅಂದರೆ ಜೀವಿಗಳನ್ನು ಫಿಸಿಕ್ಸಿನ ಕಣ್ಣಲ್ಲಿ ನೋಡುವುದು. ಪಿಎಚ್‌ಡಿ ಮಾಡಿದ್ದು ದ್ಯುತಿಸಂಶ್ಲೇಷಣೆಯ ಮೇಲೆ. ಈಗ ಬೆಳಗಾವಿಯಲ್ಲಿದ್ದುಕೊಂಡು ಮೊಸರಿನಂಥ ಮಂದ ದ್ರವಗಳ ಒಳಗಿನ ಚಿತ್ರ ತೆಗೆಯುತ್ತೇನೆ. ದಾರಿ ಬಿಟ್ಟೆ ಅಂತ ನನಗೆ ಯಾವತ್ತೂ ಅನಿಸಿಲ್ಲ. ಒಂದು ಬಣ್ಣದ ಬೆಳಕನ್ನು ಒಳಗೆ ಬಿಡುವುದು, ಇನ್ನೊಂದು ಬಣ್ಣದಲ್ಲಿ ಹೊರಗೆ ಬಂದದ್ದನ್ನು ಅಳೆಯುವುದು. ಅವತ್ತೂ ಇದೇ ಕೆಲಸ, ಇವತ್ತೂ ಇದೇ.

ಮನೆಯಲ್ಲೇ ಮಾಡಿ ನೋಡಬಹುದು. ಪಾಲಕ್ ಅರೆದು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಸೋಸಿ ಗಾಜಿನ ಲೋಟಕ್ಕೆ ಹಾಕಿ. (ಸ್ಪಿರಿಟ್‌ಗೆ ಬೇಗ ಬೆಂಕಿ ಹತ್ತುತ್ತದೆ, ಒಲೆ ಹತ್ತಿರ ಬೇಡ.) ಕತ್ತಲಲ್ಲಿ ಅದಕ್ಕೆ ಖೋಟಾ ನೋಟು ಪತ್ತೆ ಮಾಡುವ ನೇರಳೆ ಟಾರ್ಚ್ ಹಿಡಿಯಿರಿ. ಹಸಿರು ರಸ ರಕ್ತಗೆಂಪಾಗಿ ಹೊಳೆಯುತ್ತದೆ. ಅದೇ ಟಾರ್ಚನ್ನು ಇಡೀ ಎಲೆಗೆ ಹಿಡಿದರೆ ಅಷ್ಟು ಕೆಂಪು ಕಾಣುವುದಿಲ್ಲ. ಯಾಕಂದ್ರೆ ಜೀವಂತ ಎಲೆಯಲ್ಲಿ ಕ್ಲೋರೋಫಿಲ್ (ಎಲೆಗೆ ಹಸಿರು ಬಣ್ಣ ಕೊಡುವ ವಸ್ತು) ಹಿಡಿದ ಬೆಳಕಿನ ಶಕ್ತಿ ಸುಮ್ನೆ ಕೂರುವುದಿಲ್ಲ. ಅಣುವಿನಿಂದ ಅಣುವಿಗೆ ದಾಟಿ, ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಹೊತ್ತಿನಲ್ಲಿ, ದ್ಯುತಿಸಂಶ್ಲೇಷಣೆಯ ಕೆಲಸ ಶುರುವಾಗುವ ಜಾಗ ಸೇರುತ್ತದೆ. ಬೆಳಕಾಗಿ ವಾಪಸ್ ಬರುವುದು ನೂರಕ್ಕೆ ಒಂದೆರಡು ಪಾಲು ಅಷ್ಟೇ. ಲೋಟದಲ್ಲಿ ಆ ಏರ್ಪಾಟೇ ಕೆಟ್ಟುಹೋಗಿರುತ್ತದೆ, ಹಾಗಾಗಿ ಜಾಸ್ತಿ ಹೊಳೆಯುತ್ತದೆ.

ಆ ಒಂದೆರಡು ಪಾಲೇ ನನ್ನ ಪಿಎಚ್‌ಡಿ. ಎಲೆಯನ್ನು ಅರ್ಧ ಗಂಟೆ ಕತ್ತಲಲ್ಲಿಟ್ಟು ದಿಢೀರನೆ ಬೆಳಕು ಹಾಕಿದರೆ ಈ ಕೆಂಪು ಹೊಳಪು ಸೆಕೆಂಡಿನೊಳಗೆ ಏರುತ್ತದೆ, ಆಮೇಲೆ ಕೆಲವು ನಿಮಿಷಗಳಲ್ಲಿ ನಿಧಾನಕ್ಕೆ ಇಳಿಯುತ್ತದೆ. ಜರ್ಮನಿಯ ಹಾನ್ಸ್ ಕೌಟ್ಸ್ಕಿ 1931ರಲ್ಲೇ ಇದನ್ನು ಗಮನಿಸಿದ್ದರು. ಏರಿಳಿತದ ಆ ಗೆರೆ ನೋಡಿದರೆ ಎಲೆಯ ಒಳಗೆ ಎಲ್ಲಿ ಅಡ್ಡಿಯಾಗಿದೆ ಅಂತ ಹೇಳಬಹುದು. ನಮ್ಮ ಕಡೆ ಕಬ್ಬಿನ ಹೊಲಕ್ಕೆ ಅಟ್ರಜಿನ್ ಹೊಡೆಯುತ್ತಾರಲ್ಲ, ಅದು ಕಳೆಯ ಎಲೆಯಲ್ಲಿ ಎಲೆಕ್ಟ್ರಾನ್ ಮುಂದೆ ಹೋಗುವ ದಾರಿಯನ್ನೇ ಕಟ್ಟಿಬಿಡುತ್ತದೆ. ಕೆಲಸಕ್ಕೆ ಹೋಗಲಾಗದ ಶಕ್ತಿ ಬೆಳಕಾಗಿ ವಾಪಸ್ ಬಂದು ತಕ್ಷಣ ಹೊಳಪು ಏರುತ್ತದೆ. ಕಬ್ಬು, ಗೋವಿನಜೋಳ ಆ ಔಷಧವನ್ನು ತಮ್ಮೊಳಗೇ ಒಡೆದುಹಾಕಿ ಬಚಾವಾಗುತ್ತವೆ.

"ಇದರಿಂದ ಕಬ್ಬು ಜಾಸ್ತಿ ಬರ್ತದೇನು?" ಇದು ಕಾಕಾರ ಎರಡನೇ ಪ್ರಶ್ನೆ. ಇಲ್ಲ, ನೇರವಾಗಿ ಬರುವುದಿಲ್ಲ. ಬರುತ್ತದೆ ಅಂತ ಹೇಳಿದರೆ ಅನುದಾನ ಸುಲಭವಾಗಿ ಸಿಗಬಹುದೇನೋ! ಬಿಸಿಲಿನ ಹೊಡೆತ ಬಿದ್ದ ಎಲೆಯನ್ನು ಅದು ಹಳದಿಯಾಗುವ ಮೊದಲೇ ಗುರುತಿಸಬಹುದು, ಅಷ್ಟು ಖಾತ್ರಿ. ಬೆಳೆಗಳ ಈ ಹೊಳಪನ್ನು ಈಗ ಉಪಗ್ರಹಗಳಿಂದಲೂ ಅಳೆಯುತ್ತಾರೆ.

ಇನ್ನು ಮೊಸರು. ಮಡಕೆ ಓರೆ ಮಾಡಿದರೂ ಗಟ್ಟಿ ಮೊಸರು ಹರಿಯುವುದಿಲ್ಲ. ಚಮಚ ಆಡಿಸಿದರೆ ಹರಿಯುತ್ತದೆ. ಅದು ಘನವೋ, ದ್ರವವೋ? ಪ್ರೋಟೀನಿಗೆ ಅಂಟುವ ಹೊಳೆಯುವ ಬಣ್ಣ ಬೆರೆಸಿ ಕಾನ್‌ಫೋಕಲ್ ಮೈಕ್ರೋಸ್ಕೋಪಿನಲ್ಲಿಟ್ಟರೆ ಉತ್ತರ ಕಾಣುತ್ತದೆ. ಲೇಸರ್ ಒಂದೊಂದೇ ಚುಕ್ಕೆಗೆ ಬೀಳುತ್ತದೆ, ಮೇಲಿನ ಕೆಳಗಿನ ಪದರಗಳಿಂದ ಬರುವ ಬೆಳಕನ್ನು ಒಂದು ಸಣ್ಣ ರಂಧ್ರ ತಡೆಯುತ್ತದೆ. ಪರದೆ ಮೇಲೆ ಪ್ರೋಟೀನಿನ ಬಲೆ, ಬಲೆಯ ಕಣ್ಣುಗಳಲ್ಲಿ ನೀರು. ಚಮಚ ಆಡಿಸಿದಾಗ ಬಲೆ ಹರಿದು ತುಂಡಾಗುತ್ತದೆ. ಹರಿಯುವುದು ಆ ತುಂಡುಗಳು, ನೀರಿನ ಜೊತೆಗೆ. ಇಂಥವನ್ನೇ ಸಂಕೀರ್ಣ ದ್ರವಗಳು ಅನ್ನುತ್ತಾರೆ. ಟೂತ್‌ಪೇಸ್ಟ್, ಗೋಡೆಗೆ ಬಳಿಯುವ ಬಣ್ಣ, ನಮ್ಮ ರಕ್ತ ಎಲ್ಲ ಇದೇ ಜಾತಿ.

ಒಂದು ತೊಂದರೆ ಇದೆ. ಮೊಸರು ಬೆಳ್ಳಗಿದೆ. ಬೆಳಕು ಒಳಗೆ ಹೋದಹಾಗೆ ಚದುರಿ ಚಿತ್ರ ಮಸುಕಾಗುತ್ತದೆ. ಹಾಗಾಗಿ ಆಳಕ್ಕೆ ನೋಡಬೇಕಾದಾಗ ನಾವು ಮೊಸರು ಬಿಟ್ಟು ಪ್ಲಾಸ್ಟಿಕ್ಕಿನ ಪುಟ್ಟ ಗುಂಡುಗಳನ್ನು ದ್ರವದಲ್ಲಿ ತೇಲಿಬಿಡುತ್ತೇವೆ. ಗುಂಡೂ ದ್ರವವೂ ಬೆಳಕನ್ನು ಒಂದೇ ಪ್ರಮಾಣದಲ್ಲಿ ಬಾಗಿಸುವಂತೆ ಹೊಂದಿಸುತ್ತೇವೆ. ಆಗ ಚದುರುವುದು ನಿಂತು ಇಡೀ ಮಿಶ್ರಣ ತಿಳಿಯಾಗುತ್ತದೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಪೇಪರ್ ಎಣ್ಣೆ ಕುಡಿದು ಪಾರದರ್ಶಕ ಆಗುವುದೂ ಇದೇ ಕಾರಣಕ್ಕೆ. ಕಾಗದದ ಎಳೆಗಳ ನಡುವೆ ಗಾಳಿ ಇದ್ದ ಜಾಗಕ್ಕೆ, ಹೆಚ್ಚುಕಡಿಮೆ ಎಳೆಯಷ್ಟೇ ಬೆಳಕು ಬಾಗಿಸುವ ಎಣ್ಣೆ ಬಂದು ಕೂತಿರುತ್ತದೆ.

ಬಿಎಸ್‌ಸಿ ಹುಡುಗ ಹುಡುಗಿಯರು ಕೇಳುವುದು ಬೇರೆ: "ಸರ್, ಇದಕ್ಕೆ ಬಯಾಲಜಿ ಓದಿರಬೇಕಾ?" ಬೇಕಿಲ್ಲ, ಬಂದು ಕಲಿಯಬಹುದು. ಲೆನ್ಸು, ಕನ್ನಡಿ ಹೊಂದಿಸುತ್ತಾ ದಿನಗಟ್ಟಲೆ ಕೂರುವ ತಾಳ್ಮೆ ಬೇಕು. ಗಣಿತ ಬೇಕು. ಪ್ರೋಗ್ರಾಮಿಂಗ್ ಅಂತೂ ಬೇಕೇ ಬೇಕು. ಒಂದೇ ಪ್ರಯೋಗದಲ್ಲಿ ಸಾವಿರಾರು ಗುಂಡುಗಳು ಕುಣಿಯುತ್ತಿರುತ್ತವೆ. ಯಾವುದು ಎಲ್ಲಿಗೆ ಹೋಯಿತು ಅಂತ ಕಣ್ಣಲ್ಲಿ ಲೆಕ್ಕ ಇಡಲು ಆಗುವುದಿಲ್ಲ.