ನಾನು ಕತ್ತರಿಸಿದ ಎರಡು ಸಾಲು

2005ರಲ್ಲಿ ಹುಬ್ಬಳ್ಳಿಯ ಒಂದು ಪತ್ರಿಕೆಗೆ ಉಪಸಂಪಾದಕನಾಗಿ ಸೇರಿದೆ. ಹೊಸಬ ಅಲ್ವಾ, ಯಾರಿಗೂ ಬೇಡದ ಓದುಗರ ಪತ್ರಗಳ ಕಟ್ಟು ನನ್ನ ಮೇಜಿಗೆ ಬಂತು.

ವಾರಕ್ಕೊಮ್ಮೆ ಬರುವ ಮಹಿಳೆಯರ ಪುಟಕ್ಕೆ ಕಾರ್ಡು ಬರೆಯುತ್ತಿದ್ದವರು ಹೆಚ್ಚಾಗಿ ಶಿರಸಿ, ಸಿದ್ದಾಪುರದ ಹಳ್ಳಿಯವರು. 50 ಪೈಸೆಯ ಮಾಮೂಲಿ ಕಾರ್ಡಿಗಿಂತ 25 ಪೈಸೆಯ ಮೇಘದೂತ ಅನ್ನುವ ಅಂಚೆ ಕಾರ್ಡೇ ಜಾಸ್ತಿ. ಅದರಲ್ಲಿ ವಿಳಾಸದ ಪಕ್ಕದ ಜಾಗ ಜಾಹೀರಾತಿಗೆ ಹೋಗುತ್ತಿತ್ತು. ಹಾಗಾಗಿ ಹಿಂಬದಿ ತುಂಬಿದ ಮೇಲೆ ಅಂಚಿನ ಸುತ್ತ ಬರೆಯುತ್ತಿದ್ದರು. ಓದಲು ಕಾರ್ಡನ್ನು ಸ್ಟೇರಿಂಗ್ ತರ ತಿರುಗಿಸಬೇಕು.

ಒಂದು ವಾರ ಒಬ್ಬರು ಕೇಳಿದ್ದರು: ಅಪ್ಪೆಮಿಡಿ ಉಪ್ಪಿನಕಾಯಿ ಬೇಗ ಮೆತ್ತಗಾಗುತ್ತದೆ, ಏನು ಮಾಡಲಿ? ಉತ್ತರವಾಗಿ ಏಳು ಕಾರ್ಡು ಬಂದವು. ಉದುರಿದ ಮಿಡಿ ಬೇಡ, ತೊಟ್ಟು ಸಮೇತ ಕೊಯ್ದದ್ದೇ ಬೇಕು. ಉಪ್ಪಿನಲ್ಲಿ ಚಿರುಟುವ ತನಕ ಖಾರ ಬೆರೆಸಬೇಡಿ. ಒದ್ದೆ ಕೈ ಹಾಕಿದರೆ ಮುಗೀತು. ಪ್ರತಿ ಕಾರ್ಡಿನ ಶುರುವಲ್ಲೂ ಎರಡು ಸಾಲು ಇರುತ್ತಿತ್ತು: 'ಸಿದ್ದಾಪುರದ ಅಕ್ಕನಿಗೆ, ನಿಮ್ಮ ಪತ್ರ ಓದಿ ನಾನು ಮದುವೆಯಾಗಿ ಬಂದ ವರ್ಷ ನೆನಪಾಯಿತು.' ಕೊನೆಗೆ ಹೆಸರು, ಊರು, ಅಂಚೆ.

ಅದನ್ನೆಲ್ಲ ಕತ್ತರಿಸಿದೆ. ಸಲಹೆಗಳನ್ನು ಒಂದು ಚೌಕದಲ್ಲಿಟ್ಟು ಕೆಳಗೆ 'ಓದುಗರಿಂದ' ಅಂತ ಹಾಕಿದೆ. ಪುಟ ಅಚ್ಚುಕಟ್ಟಾಗಿ ಕಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಿಂಗಳೊಳಗೆ ಬರುವ ಕಾರ್ಡು ಅರ್ಧಕ್ಕಿಳಿಯಿತು.

ಆಮೇಲೆ ಎಸ್‌ಟಿಡಿ ಬೂತಿನಿಂದ ಒಬ್ಬರ ಫೋನ್. "ಉಪ್ಪಿನಕಾಯಿ ವಿಷಯ ಹಾಕಿದ್ರಿ ಸರ್. ನಾನು ಆ ಅಕ್ಕನ್ನ ಮಾತಾಡಿಸಿದ್ದು ಹಾಕ್ಲಿಲ್ಲ. ಅವರಿಗೆ ಉಪ್ಪಿನಕಾಯಿ ಹಾಕೋಕೆ ಬರಲ್ಲ ಅಂದ್ಕೊಂಡ್ರಾ?"

ಹೌದು, ಹಾಗೇ ಅಂದುಕೊಂಡಿದ್ದೆ. ಅಡಿಕೆ ತೋಟದ ನಡುವಿನ ಒಂಟಿ ಮನೆ, ಪಕ್ಕದ ಮನೆ ಗುಡ್ಡದಾಚೆ. ಮಾತಾಡಲು ಮಿಡಿ ಮೆತ್ತಗಾಗಿದ್ದು ಬರೀ ನೆಪ. ಮುಂದಿನ ವಾರದಿಂದ 'ಅಕ್ಕನಿಗೆ' ಅನ್ನುವ ಸಾಲನ್ನೂ ಊರಿನ ಹೆಸರನ್ನೂ ಹಾಗೇ ಬಿಟ್ಟೆ. ಬೇಕಾದರೆ ಖಾರದ ಅಳತೆ ಕತ್ತರಿಸುತ್ತಿದ್ದೆ.

2006ರ ಶಿರಸಿ ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ ಒಂದು ಕಾರ್ಡು ಬಂತು. ಮೇಲಿನ ಅರ್ಧ ಒಬ್ಬರ ಕೈಬರಹ, ಕೆಳಗಿನ ಅರ್ಧ ಇನ್ನೊಬ್ಬರದು. ಬಳೆ ಅಂಗಡಿ ಹತ್ತಿರ ಮೊದಲ ಸಲ ಭೇಟಿಯಾದರಂತೆ. 'ಇವರು ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದಾರೆ' ಅಂತ ಕೆಳಗಿನವರು ಬರೆದಿದ್ದರು. ಪುಟದಲ್ಲಿ ಜಾಗ ಇರಲಿಲ್ಲ. ಸಲಹೆಯ ಚೌಕ ತೆಗೆದು ಅದನ್ನು ಹಾಕಿದೆ.