ತಡವಾಗಿ ಏಳುವ ಕಳ್ಳಿಪೀರಗಳು

ಡಿಸೆಂಬರಿನ ಆ ಬೆಳಗ್ಗೆ ಕೆರೆ ಏರಿ ಹತ್ತಿದಾಗ ಗಂಟೆ ಆರೂಮುಕ್ಕಾಲು. ನೀರಿನ ಮೇಲೆ ಮಂಜು ಕೂತಿತ್ತು, ಆಚೆ ದಡ ಕಾಣುತ್ತಿರಲಿಲ್ಲ. ಬೇರೆ ದಿನ ಕಣ್ಣಿಗೇ ಬೀಳದ ಜೇಡರ ಬಲೆಗಳು ಇಬ್ಬನಿ ಹೊತ್ತು ಹೆಜ್ಜೆಗೊಂದರಂತೆ ಬೆಳ್ಳಗೆ ತೂಗುತ್ತಿದ್ದವು. ನಾನು ಹೊರಟಿದ್ದು ಮಿಂಚುಳ್ಳಿಗಾಗಿ. ತೂಬಿನ ಕಲ್ಲುಕಂಬದ ಮೇಲೆ ಅದು ದಿನಾ ಬಂದು ಕೂರುತ್ತದೆ. ಆದರೆ ಅಂದು ತೂಬಿನವರೆಗೆ ಹೋಗಲೇ ಇಲ್ಲ.

ದಾರಿ ಬದಿಯ ಒಣಗಿದ ಜಾಲಿ ಮರದಲ್ಲಿ ಹಸಿರು ಮುದ್ದೆಯಂಥದ್ದೇನೋ ಕಂಡಿತು. ಎಲೆಯೇ ಇಲ್ಲದ ಮರದಲ್ಲಿ ಹಸಿರೆಲ್ಲಿಂದ ಬಂತು ಎಂದು ಲೆನ್ಸ್ ಎತ್ತಿ ನೋಡಿದೆ. ಕಳ್ಳಿಪೀರಗಳು. ಒಟ್ಟು ಏಳು, ಒಂದೇ ಕೊಂಬೆಯ ಮೇಲೆ, ನಡುವೆ ಬೆರಳು ತೂರಿಸಲೂ ಜಾಗವಿಲ್ಲದಂತೆ ಮೈಗೆ ಮೈ ತಾಗಿಸಿ ಕೂತಿದ್ದವು. ಗರಿ ಉಬ್ಬಿಸಿಕೊಂಡು ಒಂದೊಂದೂ ಚೆಂಡಿನಂತಾಗಿತ್ತು. ತುದಿಯ ಎರಡು ಹಕ್ಕಿಗಳು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿದ್ದವು. ಬೇಸಿಗೆಯಲ್ಲಿ ಗಾಳಿಯನ್ನೇ ಕತ್ತರಿಸುವಂತೆ ಹಾರಾಡುವ ಹಕ್ಕಿ ಹೀಗೂ ಕೂರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟು ದೂರದಿಂದ ತೆಗೆದರೆ ಚಿತ್ರದಲ್ಲಿ ಅವು ಸಣ್ಣ ಚುಕ್ಕೆಗಳು. ಬೆಳಕೂ ಸಾಲದು. ಹತ್ತಿರ ಹೋದೆ. ಹತ್ತು ಹೆಜ್ಜೆ, ಒಂದು ಚಿತ್ರ. ಮತ್ತೆ ಹತ್ತು ಹೆಜ್ಜೆ, ಇನ್ನೊಂದು ಚಿತ್ರ. ನೇರ ಅವುಗಳತ್ತಲೇ, ಕಣ್ಣು ಕೀಳದೆ. ನಡುವಿನ ಹಕ್ಕಿ ಮೊದಲು ಕತ್ತು ಉದ್ದ ಮಾಡಿತು. ಉಬ್ಬಿದ ಗರಿಗಳೆಲ್ಲ ಮೈಗಂಟಿ, ಚೆಂಡಿನಂತಿದ್ದದ್ದು ಕಡ್ಡಿಯಂತಾಯಿತು. ಅಲ್ಲಿಗಾದರೂ ನಾನು ನಿಲ್ಲಬೇಕಿತ್ತು. ಇನ್ನೆರಡು ಹೆಜ್ಜೆ ಇಟ್ಟೆ. ಏಳೂ ಒಟ್ಟಿಗೆ ಎದ್ದು ಮಂಜಿನೊಳಗೆ ಚದುರಿದವು. ಒಂದು ಮಾತ್ರ ದೂರದ ತಂತಿಯ ಮೇಲೆ ಒಂಟಿಯಾಗಿ ಇಳಿಯಿತು. ಉಳಿದವು ಎತ್ತ ಹೋದವೋ ಕಾಣಲಿಲ್ಲ. ಕ್ಯಾಮೆರಾದಲ್ಲಿ ಉಳಿದದ್ದು ಹಸಿರು ಗೀರುಗಳು.

ಚಿತ್ರ ಕೆಟ್ಟದ್ದಕ್ಕಿಂತ ಆ ಒಂಟಿ ಹಕ್ಕಿ ನನ್ನನ್ನು ಹೆಚ್ಚು ಕಾಡಿತು. ಹಕ್ಕಿ ಗರಿ ಉಬ್ಬಿಸುವುದು ಗರಿಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಮೈಶಾಖ ಕಾಯ್ದುಕೊಳ್ಳಲು. ಒತ್ತಿ ಕೂತರೆ ಚಳಿಗೆ ಒಡ್ಡಿಕೊಳ್ಳುವ ಮೈಯೂ ಕಡಿಮೆ. ಇವುಗಳ ಹೊಟ್ಟೆಪಾಡು ಹಾರುವ ಕೀಟಗಳ ಮೇಲೆ. ಬಿಸಿಲು ಏರದೆ ಜೇನ್ನೊಣ, ಏರೋಪ್ಲೇನ್ ಚಿಟ್ಟೆಗಳು ರೆಕ್ಕೆ ಬಿಚ್ಚುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಕಳ್ಳಿಪೀರಗಳಿಗೆ ಏಳುವ ಅವಸರವಿಲ್ಲ. ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದರೂ ಹೀಗೇ ಅಂಟಿಕೊಂಡು ಕೂತಿರುತ್ತವೆ. ತಿನ್ನಲು ಏನೂ ಸಿಗದ ಹೊತ್ತಿನಲ್ಲಿ, ರಾತ್ರಿಯಿಡೀ ಉಳಿಸಿಕೊಂಡ ಶಾಖವನ್ನು ನಾನು ಒಂದು ಚಿತ್ರಕ್ಕಾಗಿ ಖರ್ಚು ಮಾಡಿಸಿದ್ದೆ.

ಈ ಹಕ್ಕಿಯ ಬಗ್ಗೆ ಜೀವವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಆಗ ನೆನಪಾಯಿತು. ಗೂಡಿನ ಬಾಯಿ ಕಾಣುವ ಜಾಗದಲ್ಲಿ ಮನುಷ್ಯ ನಿಂತಿದ್ದರೆ ಕಳ್ಳಿಪೀರ ಗೂಡಿಗೆ ಹೋಗಲು ಹಿಂಜರಿಯುತ್ತದೆ. ಅಷ್ಟೇ ದೂರದಲ್ಲಿ, ಆದರೆ ಗೂಡು ಕಾಣದ ಜಾಗದಲ್ಲಿ ನಿಂತಿದ್ದರೆ ಅಷ್ಟು ಹಿಂಜರಿಯುವುದಿಲ್ಲ. ನಮಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನೂ ಲೆಕ್ಕ ಹಾಕುವ ಹಕ್ಕಿ ಇದು. ಅಂಥದ್ದರ ಮುಂದೆ ನಾನು ಅಷ್ಟು ದೊಡ್ಡ ಗಾಜಿನ ಕಣ್ಣು ಹಿಡಿದು ನೇರ ನಡೆದು ಹೋಗಿದ್ದೆ.

ಮರುದಿನದಿಂದ ಕ್ರಮ ಬದಲಾಯಿಸಿದೆ. ಇನ್ನೂ ಕತ್ತಲಿರುವಾಗಲೇ ಹೋಗಿ, ಜಾಲಿಯಿಂದ ಸುಮಾರು ಮೂವತ್ತು ಹೆಜ್ಜೆ ದೂರದ ಲಂಟಾನ ಪೊದೆಗೆ ಒರಗಿ ಕೂರುವುದು. ಸೂರ್ಯ ಬೆನ್ನ ಹಿಂದೆ ಹುಟ್ಟುವಂತೆ ಜಾಗ ನೋಡಿಕೊಂಡಿದ್ದೆ. ಮುಖವನ್ನು ಕೆರೆಯ ಕಡೆ ತಿರುಗಿಸಿ, ಮರವನ್ನು ಓರೆಗಣ್ಣಲ್ಲಿ ಮಾತ್ರ ನೋಡುತ್ತಿದ್ದೆ. ಎರಡು ದಿನ ಅವು ಬರಲಿಲ್ಲ. ಆ ಎರಡು ದಿನವೂ ಖಾಲಿ ಕೊಂಬೆ ನೋಡಿದಾಗ ಎದೆ ಭಾರವಾಗುತ್ತಿತ್ತು. ಸುಮ್ಮನೆ ಕೂತದ್ದಕ್ಕೆ ಬೇರೆಯವರು ಬಂದರು. ವಲಸೆ ಬಂದ ಬೂದು ಸಿಪಿಲೆಯೊಂದು ಬಾಲ ಕುಣಿಸುತ್ತಾ ನೀರಂಚಿನಲ್ಲಿ ಓಡಾಡಿತು. ಮುಂಗುಸಿಯೊಂದು ಲೆನ್ಸಿನ ಫೋಕಸ್‌ಗೂ ಸಿಗದಷ್ಟು ಹತ್ತಿರ ಬಂದು, ನನ್ನ ಬೂಟು ಮೂಸುವಂತೆ ಮೂತಿ ಎತ್ತಿ, ಹುಲ್ಲಿನೊಳಗೆ ಸರಿದುಹೋಯಿತು. ಮೂರನೆಯ ದಿನ ಐದು ಕಳ್ಳಿಪೀರಗಳು ಬಂದವು. ಆರನೆಯ ದಿನ ಎಣಿಸಿದರೆ ಏಳು.

ಅಂದು ಮಂಜು ಬೇಗ ಕರಗಿತು. ಮೊದಲ ಬಿಸಿಲು ಕೊಂಬೆಗೆ ತಾಗಿದ್ದೇ ತಡ, ಸಾಲಿನ ತುದಿಯ ಹಕ್ಕಿ ಬೆನ್ನನ್ನು ಸೂರ್ಯನತ್ತ ತಿರುಗಿಸಿ ಗರಿ ಬಿಡಿಸಿತು. ನೆತ್ತಿಯ ತಾಮ್ರದ ಬಣ್ಣ, ಗಂಟಲಿನ ನೀಲಿ, ಅದರ ಕೆಳಗೆ ದಾರ ಕಟ್ಟಿದಂಥ ಕಪ್ಪು ಗೆರೆ, ಕೆಂಪು ಕಣ್ಣು ಒಂದೊಂದಾಗಿ ಬೆಳಗಿದವು. ಬಾಲದ ನಡುವಿನಿಂದ ಸೂಜಿಯಂತೆ ಚಾಚಿದ ಗರಿಗಳು ಗಾಳಿಗೆ ಅಲುಗುತ್ತಿದ್ದವು. ಎಂಟೂವರೆಯ ಸುಮಾರಿಗೆ ಅದು ಥಟ್ಟನೆ ಹಾರಿ, ಅರ್ಧ ಸುತ್ತು ಹಾಕಿ, ಅದೇ ಜಾಗಕ್ಕೆ ಮರಳಿತು. ಕೊಕ್ಕಿನ ತುದಿಯಲ್ಲಿ ಜೇನ್ನೊಣ.

ನಾನು ಶಟರ್ ಒತ್ತುತ್ತಲೇ ಇದ್ದೆ. ಬೆಳಕು ಚೆನ್ನಾಗಿತ್ತು, ಸೆಕೆಂಡಿನ 1600ನೇ ಒಂದು ಭಾಗದ ವೇಗ ಸಿಗುತ್ತಿತ್ತು. ಹಕ್ಕಿ ನೊಣವನ್ನು ಕೊಂಬೆಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯಿತು. ಆಮೇಲೆ ಹಿಡಿತ ಬದಲಿಸಿ, ಅದರ ಹಿಂತುದಿಯನ್ನು ತೊಗಟೆಗೆ ಒತ್ತಿ ಉಜ್ಜಿತು. ಕಣ್ಣು ಅರೆಮುಚ್ಚಿತ್ತು. ವಿಷ ಸಿಡಿದರೆ ಕಣ್ಣಿಗೆ ತಾಗದಿರಲಿ ಎಂದಿರಬೇಕು. ಕೊಂಡಿಯ ಕಾಟ ಕಳೆದ ಮೇಲೆ ನೊಣವನ್ನು ಮೇಲಕ್ಕೆ ಎಸೆದು ನುಂಗಿತು. ಪಕ್ಕದ ಆರೂ ಕದಲಲಿಲ್ಲ. ನಾನಿರುವುದು ಅವಕ್ಕೆ ಮೊದಲಿನಿಂದಲೂ ಗೊತ್ತಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಗೊತ್ತಿದ್ದೂ ಕೂತಿದ್ದವು. ಆ ಚಳಿಗಾಲದಲ್ಲಿ ನನಗೆ ಸಿಕ್ಕ ದೊಡ್ಡ ಸಂತೋಷ ಅದು.

ನನ್ನ ಸಂಗ್ರಹದಲ್ಲಿ ಆ ಚಿತ್ರಗಳಲ್ಲಿ ಹಕ್ಕಿ ಇವತ್ತಿಗೂ ಚಿಕ್ಕದೇ. ಕತ್ತರಿಸಿ ದೊಡ್ಡದು ಮಾಡಲು ಮನಸ್ಸು ಬರಲಿಲ್ಲ. ಸುತ್ತಲಿನ ಒಣ ಕೊಂಬೆ, ಹಿಂದಿನ ನೀರು, ಮಂಜಿನ ಕೊನೆಯ ಎಳೆ ಎಲ್ಲ ಸೇರಿದರೇನೇ ಅದು ಆ ಬೆಳಗ್ಗೆ.

ಒಂಬತ್ತಕ್ಕೆಲ್ಲ ಅವು ಒಂದೊಂದಾಗಿ ಬೇಟೆಗೆ ಹೊರಟವು. ಕೊಂಬೆ ಪೂರ್ತಿ ಖಾಲಿಯಾದ ಮೇಲೆ ಎದ್ದು ಮರದ ಕೆಳಗೆ ಹೋದೆ. ಕಲ್ಲಿನ ಮೇಲೆ ಬೆರಳುಗುರಿನಷ್ಟು ಉದ್ದದ ಕಪ್ಪು ಉಂಡೆಯೊಂದು ಬಿದ್ದಿತ್ತು. ಜೀರ್ಣವಾಗದ ಕೀಟದ ಚಿಪ್ಪನ್ನು ಕಳ್ಳಿಪೀರಗಳು ಹೀಗೆ ಉಂಡೆ ಮಾಡಿ ಕಕ್ಕುತ್ತವೆ. ಕಡ್ಡಿಯಿಂದ ಮೆಲ್ಲಗೆ ಬಿಡಿಸಿದೆ. ಮುರಿದ ಕಾಲುಗಳು, ಮಿರುಗುವ ತಲೆಯ ಚೂರು, ನಡುವೆ ಹರಿಯದೆ ಉಳಿದಿದ್ದ ಒಂದು ರೆಕ್ಕೆ. ಮಂಡಿಯೂರಿ ಕೂತು, ಅದು ಗಾಳಿಗೆ ಹಾರಿಹೋಗುವ ಮುಂಚೆ ಒಂದು ಚಿತ್ರ ತೆಗೆದುಕೊಂಡೆ.