ಕಡಲಿಲ್ಲದ ಮಂಗಳೂರಿಗೆ

ಮಂಗಳೂರಿಗೆ ಹೊರಟಿದ್ದೇನೆ ಎಂದರೆ ಕಲಬುರಗಿಯಲ್ಲಿ ಎಲ್ಲರೂ ಗೋಡಂಬಿ ತರಲು ಹೇಳುತ್ತಾರೆ. ನಾನು ಹೊರಟದ್ದು ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮಂಗಳೂರಿಗೆ. ಅಲ್ಲಿ ಕಡಲಿಲ್ಲ, ಹಿಂದೊಮ್ಮೆ ಬಂಗಾರದ ಗಣಿ ಇತ್ತು.

ಕರೆದವನು ಸುರಪುರದಲ್ಲಿರುವ ಅಕ್ಕನ ಮಗ. "ಮಾಮಾ, ಕೆರೆ ಹೂಳು ಎತ್ತುತ್ತಿದ್ದಾರೆ. ಗದ್ದೆಗೆ ಹತ್ತು ಟ್ರ್ಯಾಕ್ಟರ್ ಹೊಡೆಸಬೇಕೆಂದಿದ್ದೇನೆ. ನೀವು ರಸಾಯನಶಾಸ್ತ್ರ ಓದಿದವರು, ಒಮ್ಮೆ ನೋಡಿ ಹೇಳಿರಿ." ಹೂಳಿಗೆ ನಮ್ಮ ಕಡೆ ಗೊಬ್ಬರದ ಮರ್ಯಾದೆಯಿದೆ, ನೋಡುವುದೇನು ಬಂತು ಎಂದುಕೊಂಡೆ. ಕೆರೆ ಎಲ್ಲಿದೆ ಎಂದು ಕೇಳಿದ ಮೇಲೆ ಚೀಲಕ್ಕೆ ಸುತ್ತಿಗೆ ಹಾಕಿಕೊಂಡೆ. ಹಳೆಯ ಗಣಿಯ ಕಡೆಯಿಂದ ಮಳೆನೀರು ಹರಿದು ಬರುವ ಕೆರೆ ಅದು.

ಬೆಳಗಿನ ಬಸ್. ಮೇ ತಿಂಗಳ ಭೀಮೆಯಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. ಜೇವರ್ಗಿ ದಾಟಿದ ಮೇಲೆ ನಿದ್ದೆ ಹತ್ತಿ, ಎಚ್ಚರವಾದಾಗ ಶಹಾಪುರದ ಗುಡ್ಡಸಾಲಿನ ಆಕಾರದಲ್ಲಿ ಬುದ್ಧ ಎಂದಿನಂತೆ ಮಲಗಿದ್ದ. ಅಲ್ಲಿಂದ ಮುಂದೆ ನೆಲದ ಚಹರೆಯೇ ಬೇರೆ. ನಾರಾಯಣಪುರದ ಕಾಲುವೆ ಬಂದ ಮೇಲೆ ಜೋಳದ ಸೀಮೆ ಅನ್ನ ಉಣ್ಣಲು ಕಲಿತಿದೆ. ರಸ್ತೆಯ ಎರಡೂ ಬದಿಗೆ ಕೊಯ್ದ ಭತ್ತದ ಕೂಳೆ.

ಅಕ್ಕನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಅಳಿಯನ ಮೋಟಾರ್ ಸೈಕಲ್ ಹತ್ತಿದೆ. ಗಣಿಯ ಕೆಲಸ ನಿಂತು ದಶಕಗಳಾಗಿವೆ. ಅದರ ಹಾದಿಯಲ್ಲಿ ಒಂದು ಕಲ್ಲು ಕಣ್ಣಿಗೆ ಬಿತ್ತು. ಮುಷ್ಟಿಯಷ್ಟು ಗಾತ್ರ, ಬೂದು ಮೈಯಲ್ಲಿ ಹೊಸ ತವರದಂಥ ಮಿನುಗು. ಬಂಡೆಯ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿ ಅಳಿಯನನ್ನು ಕರೆದೆ. ಅವನು ಬಗ್ಗಿ ನೋಡಿ ಹುಬ್ಬೇರಿಸಿದ. "ಯಾರು ಮಾಮಾ ಇಲ್ಲಿ ಬೆಳ್ಳುಳ್ಳಿ ಜಜ್ಜಿದವರು?"

ಆ ವಾಸನೆ ಆರ್ಸೆನಿಕ್‌ನದು. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜ ಎಷ್ಟೋ ಕಡೆ ಬಂಗಾರದ ಬೆನ್ನಿಗೇ ಇರುತ್ತದೆ. ನಮ್ಮ ಹಿರಿಯರು ಶಂಖಪಾಷಾಣ ಎಂದು ಕರೆದದ್ದು ಈ ಆರ್ಸೆನಿಕ್‌ನ ಬಿಳಿಯ ಪುಡಿಯನ್ನೇ. ಪಾಷಾಣ ಎಂದರೆ ಕಲ್ಲೂ ಹೌದು, ವಿಷವೂ ಹೌದು. ಹೆಸರಿಟ್ಟವನು ಯಾರೋ, ತಿಳಿದವನು. ಅಳಿಯನಿಗೆ ಕೈ ತೊಳೆಯಲು ಹೇಳಿದೆ.

ಹತ್ತಿರದ ಕಿರದಳ್ಳಿ ತಾಂಡಾದ ಹೆಸರು ಅವನಿಗೂ ಗೊತ್ತಿತ್ತು. ಅಲ್ಲಿಯ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿದ್ದು, ಜನರ ಅಂಗೈ, ಅಂಗಾಲುಗಳಲ್ಲಿ ಗಂಟು ಎದ್ದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು ಮಿತಿ. ಬಣ್ಣವಿಲ್ಲ, ರುಚಿಯಿಲ್ಲ, ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ. "ತಾಂಡಾಕ್ಕೆ ಹೋಗೋಣವೇ?" ಎಂದ. ಬೇಡವೆಂದೆ. ಕೈಗಳನ್ನು ತೋರಿಸಿ ತೋರಿಸಿ ಬೇಸತ್ತವರ ಮುಂದೆ ಇನ್ನೊಬ್ಬ ಹೋಗಿ ನಿಲ್ಲುವುದು ನನಗೆ ಒಗ್ಗುವುದಿಲ್ಲ.

ಕೆರೆಯಂಗಳ ಬಿರುಕು ಬಿಟ್ಟಿತ್ತು. ಜೆಸಿಬಿ ಅಗೆದ ಗುಂಡಿಯಲ್ಲಿ ಮೇಲೆ ಕಂದು, ಮೊಣಕಾಲುದ್ದ ಕೆಳಗೆ ಕಪ್ಪು. ಕಪ್ಪನ್ನು ಹಿಚುಕಿದರೆ ಕೊಳೆತ ಮೊಟ್ಟೆಯ ನಾತ. ನನಗೆ ಓದುವ ದಿನಗಳ ಪುಲಿಕಾಟ್ ನೆನಪಾಯಿತು. ಆಂಧ್ರ, ತಮಿಳುನಾಡು ಗಡಿಯ ಆ ಉಪ್ಪುನೀರಿನ ಸರೋವರದಲ್ಲಿ ದೋಣಿಯಿಂದ ಪ್ಲಾಸ್ಟಿಕ್ ಕೊಳವೆ ಚುಚ್ಚಿ ಕೆಸರು ತೆಗೆದಾಗ ಇದೇ ಬಣ್ಣ, ಇದೇ ನಾತ. ಕಡಲಿಗೂ ನದಿಗೂ ನಡುವೆ ನೀರು ಅಲುಗದೆ ನಿಂತಲ್ಲಿ ಸಣ್ಣ ಜೇಡಿಕಣ ತಳ ಸೇರುತ್ತದೆ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂಗಳೆಲ್ಲ ಅದಕ್ಕೆ ಅಂಟಿಕೊಂಡೇ ಇಳಿಯುತ್ತವೆ. ಗಾಳಿಯಿಲ್ಲದ ಆ ಕಪ್ಪಿನಲ್ಲಿ ಗಂಧಕ ಅವುಗಳನ್ನು ಕಟ್ಟಿಹಾಕುತ್ತದೆ. ಹೂಳೆತ್ತಿ ಗಾಳಿ ತಾಗಿಸಿದರೆ ಕಟ್ಟು ಬಿಚ್ಚುತ್ತದೆ. ಗಣಿಯಲ್ಲೂ ಅದೇ ಕಥೆ: ಬಂಡೆಯೊಳಗೆ ಸುಮ್ಮನಿದ್ದದ್ದನ್ನು ಬಂಗಾರಕ್ಕಾಗಿ ಪುಡಿ ಮಾಡಿದರೆ ಮಳೆ, ಗಾಳಿ ಸೇರಿ ಆರ್ಸೆನಿಕ್ಕನ್ನು ಬಿಡಿಸುತ್ತವೆ.

ಅಳಿಯನಿಗೆ ಹೇಳಬೇಕಾದ ಮುಖ್ಯ ಮಾತು ಬೇರೆಯಿತ್ತು. ಬಿಡುಗಡೆಯಾದ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿ ಒಣಹೊಲದಲ್ಲಿ ಬಹುಮಟ್ಟಿಗೆ ತೆಪ್ಪಗಿರುತ್ತದೆ. ಗದ್ದೆಯಲ್ಲಿ ನೀರು ಕಟ್ಟಿದಾಗ ಮಣ್ಣಿಗೆ ಗಾಳಿ ತಪ್ಪಿ ಆ ತುಕ್ಕೇ ಕರಗುತ್ತದೆ. ಆರ್ಸೆನಿಕ್ ನೀರಿಗಿಳಿಯುತ್ತದೆ, ಭತ್ತದ ಬೇರು ಅದನ್ನು ಹೀರುತ್ತದೆ.

"ಹಾಗಾದರೆ ಈ ಹೂಳು ಕೆಟ್ಟದ್ದೇ?"

"ಗೊತ್ತಿಲ್ಲ. ಪರೀಕ್ಷೆ ಆಗುವ ತನಕ ಗದ್ದೆಗಂತೂ ಬೇಡ."

ಅವನ ಮುಖ ಸಣ್ಣದಾಯಿತು. ಎರಡು ಟ್ರ್ಯಾಕ್ಟರಿಗೆ ಮುಂಗಡ ಕೊಟ್ಟಾಗಿತ್ತು. ಊರಿನವರೆಲ್ಲ ಒಯ್ಯುತ್ತಿದ್ದಾರೆ, ನಾನೊಬ್ಬನೇ ಬಿಡಲೇ ಎಂದು ಗೊಣಗಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೇಲಿನ ಕಂದು, ಕೆಳಗಿನ ಕಪ್ಪು ಎರಡನ್ನೂ ಬೇರೆ ಬೇರೆ ಪಾಕೀಟಿಗೆ ತುಂಬಿ ಗಂಟು ಹಾಕಿದೆ.

ಸಂಜೆ ಅಕ್ಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಹೂಳಿನ ಪಾಕೀಟನ್ನೂ ಅದೇ ಚೀಲಕ್ಕೆ ಇಳಿಸಹೋದವಳನ್ನು ತಡೆದು, ಅದನ್ನು ಕೈಯಲ್ಲೇ ಹಿಡಿದು ಬಸ್ ಹತ್ತಿದೆ. ಶಹಾಪುರ ಬರುವಷ್ಟರಲ್ಲಿ ಮೊಬೈಲ್ ಮೊಳಗಿತು.

"ಮಾಮಾ, ಟ್ರ್ಯಾಕ್ಟರಿನವನು ಬಾಗಿಲಲ್ಲಿ ನಿಂತಿದ್ದಾನೆ. ಏನು ಹೇಳಲಿ?"